ಬಟ್ಟೆಯ ರೆಕ್ಕೆ

ಮೂವತ್ತನಾಲ್ಕು ವರ್ಷಗಳ ಕಾಲ ಕನ್ನಡ ಪಾಠ ಹೇಳಿ ಬದುಕಿದವನು ನಾನು. ಪಂಪನ ಆದಿಪುರಾಣವನ್ನು ಓದಿಸುವಾಗ ಮಹಾಬಲನೆಂಬ ವಿದ್ಯಾಧರ ರಾಜನ ಪ್ರಸಂಗ ಬಂದಿತೆಂದರೆ 'ಖೇಚರ' ಎಂಬ ಶಬ್ದವನ್ನು ಬಿಡಿಸಿ ತೋರಿಸಬೇಕಾಗುತ್ತಿತ್ತು. 'ಖ' ಎಂದರೆ ಆಕಾಶ. 'ಖೇ' ಎಂದರೆ ಆಕಾಶದಲ್ಲಿ. ಆಕಾಶದಲ್ಲಿ ಸಂಚರಿಸುವವನು ಖೇಚರ. ಸಪ್ತಮಿಯ ಪ್ರತ್ಯಯ ಲೋಪವಾಗದೆ ಉಳಿದುದರಿಂದ ಇದು ಅಲುಕ್ ಸಮಾಸ. ಇಷ್ಟು ಹೇಳಿ ಮುಂದಿನ ಪದ್ಯಕ್ಕೆ ಹೋಗುವುದು ನನ್ನ ರೂಢಿ. ಒಂದು ವರ್ಷ ಹಿಂದಿನ ಬೆಂಚಿನಿಂದ ಬನಹಟ್ಟಿಯ ಹುಡುಗನೊಬ್ಬ ಎದ್ದುನಿಂತು, "ಸರ್, ಹಂಗ ಖರೇನ ಹಾರಾಕ ಬರ್ತೈತೇನ್ರಿ?" ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. "ಅದು ಪುಣ್ಯ ಮಾಡಿದವರಿಗೆ. ನೀನು ಮೊದಲು ಪರೀಕ್ಷೆ ಪಾಸಾಗು" ಎಂದು ನಾನೂ ನಕ್ಕು ಅವನನ್ನು ಕೂಡಿಸಿದೆ. ಆ ಹುಡುಗನನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಅವನು ಮತ್ತೆ ಬರುತ್ತಾನೆ.

ರಜೆಯ ನೆನಪುಗಳನ್ನು ಕುರಿತು ಮಾತನಾಡಿ ಎಂದು ಬಾನುಲಿಯವರು ಕೇಳಿದಾಗ ನನಗೆ ತಟ್ಟನೆ ಹೊಳೆದದ್ದು ಒಂದೇ ನೆನಪು. ನಿವೃತ್ತನಾದ ಮರುವರ್ಷ, 2017ರ ಸೆಪ್ಟೆಂಬರಿನಲ್ಲಿ, ಜಮಖಂಡಿಯ ಈ ಮಾಸ್ತರ ಸ್ವಿಟ್ಜರ್‌ಲ್ಯಾಂಡಿನ ಒಂದು ಗುಡ್ಡದಿಂದ ಬಟ್ಟೆಯ ರೆಕ್ಕೆಗೆ ಜೋತುಬಿದ್ದು ಹಾರಿದ. ಅದಕ್ಕೆ ಪ್ಯಾರಾಗ್ಲೈಡಿಂಗ್ ಎಂದು ಹೆಸರು. ಕನ್ನಡದಲ್ಲಿ ಒಂದು ಪದ ಕಟ್ಟಬೇಕೆಂದು ನಾನೂ ಸಾಕಷ್ಟು ತಿಣುಕಾಡಿದೆ. ಕಟ್ಟಿದ್ದು ಒಂದೂ ಹಾರಲಿಲ್ಲವಾದ್ದರಿಂದ ಪತ್ರಿಕೆಗಳು ಬಳಸುವ ಮಾತನ್ನೇ ನಾನೂ ಬಳಸುತ್ತೇನೆ.

ನಮ್ಮ ಮಗಳು, ಅಳಿಯ ಜ್ಯೂರಿಕ್ಕಿನಲ್ಲಿದ್ದರು. ಅವರು ನಮ್ಮಿಬ್ಬರನ್ನೂ ಇಂಟರ್‌ಲಾಕನ್ ಎಂಬ ಊರಿಗೆ ಕರೆದುಕೊಂಡು ಹೋದರು. ಹೆಸರಿನ ಅರ್ಥವೇ 'ಕೆರೆಗಳ ನಡುವೆ' ಎಂದು. ಒಂದು ಕಡೆ ಥೂನ್ ಸರೋವರ, ಇನ್ನೊಂದು ಕಡೆ ಬ್ರಿಯೆಂಟ್ಸ್ ಸರೋವರ, ದಕ್ಷಿಣಕ್ಕೆ 4158 ಮೀಟರ್ ಎತ್ತರದ ಯುಂಗ್‌ಫ್ರಾವ್ ಹಿಮಶಿಖರ. ಊರ ನಡುವಿನ ಹುಲ್ಲುಗಾವಲಿನಲ್ಲಿ ಕುಳಿತು ತಲೆಯೆತ್ತಿದರೆ ಆಕಾಶದ ತುಂಬ ಬಣ್ಣಬಣ್ಣದ ಕಮಾನುಗಳು. ಒಂದೊಂದರ ಕೆಳಗೂ ಇಬ್ಬಿಬ್ಬರು ಮನುಷ್ಯರು. ಅವರು ತೇಲುತ್ತ ಬಂದು ನಮ್ಮೆದುರಿಗೇ ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತಿದ್ದರು. ಎಪ್ಪತ್ತು ದಾಟಿದಂತೆ ಕಾಣುವ ಮುದುಕಿಯೊಬ್ಬಳು ಹೀಗೆ ಇಳಿದು, ತಲೆಗಾಪು ತೆಗೆದು, ಕೂದಲು ಸರಿಪಡಿಸಿಕೊಂಡು, ಸಂತೆಯಿಂದ ಬಂದವಳ ಹಾಗೆ ನಡೆದುಹೋದಳು. ಆ ದೃಶ್ಯವೇ ನನ್ನನ್ನು ಕೆಡಿಸಿತೆನ್ನಬೇಕು. "ನಾನೂ ಹೋಗುತ್ತೇನೆ" ಎಂದೆ. ನಮ್ಮ ಮನೆಯವರು ಕೈಯಲ್ಲಿದ್ದ ಚುರುಮುರಿಯ ಡಬ್ಬಿಯನ್ನು ಕೆಳಗಿಟ್ಟರು. "ಏನ್ರೀ, ಈ ವಯಸ್ಸಿನ್ಯಾಗ ನಿಮಗಿದು ಬೇಕಾಗೇತೇನ್ರಿ? ಮನೀ ಮಾಳಿಗಿ ಏರಬೇಕಾದ್ರ ಮೊಣಕಾಲು ಹಿಡಕೋತೀರಿ." ಮೊಣಕಾಲಿನ ಮಾತು ನಿಜವೇ. ಆದರೂ ಹಣ ಕಟ್ಟಿದೆ. ಕೊಟ್ಟ ಕಾಗದಗಳಿಗೆ ಸಹಿ ಹಾಕಿದೆ. ಒಂದು ಸಾಲನ್ನೂ ಓದದೆ ಹಾಕಿದೆ ಎಂಬುದನ್ನು ಈಗ ಒಪ್ಪಿಕೊಳ್ಳಬೇಕು. ಪ್ರತಿಯೊಂದು ಸಾಲನ್ನೂ ಓದಬೇಕೆಂದು ಮೂರು ದಶಕ ಹೇಳಿದವನ ನಡತೆ ಇದು.

ಮರುದಿನ ಬೆಳಿಗ್ಗೆ ಹೋದರೆ ಹಾರಾಟ ರದ್ದಾಗಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು. ಹಿಮಶಿಖರಗಳು ಕೈಚಾಚಿದರೆ ಸಿಕ್ಕುವಷ್ಟು ಹತ್ತಿರ ಕಾಣುತ್ತಿದ್ದವು. ಇಂಥ ದಿನ ಹಾರದೆ ಇನ್ನಾವ ದಿನ ಹಾರುತ್ತಾರೆ ಎಂದು ನನಗೆ ಸಿಟ್ಟೇ ಬಂತು. ವಿಚಾರಿಸಿದಾಗ "ಫೋನ್" ಎಂದರು. ಯಾರದೋ ಕರೆಗಾಗಿ ಕಾಯುತ್ತಿದ್ದಾರೆಂದು ಅರ್ಧ ಗಂಟೆ ನಾನೂ ಕಾದೆ! ಆಮೇಲೆ ಅಳಿಯ ಬಿಡಿಸಿ ಹೇಳಿದ: ಇದು ದೂರವಾಣಿಯಲ್ಲ, ಆಲ್ಪ್ಸ್ ಪರ್ವತವನ್ನು ದಕ್ಷಿಣದಿಂದ ದಾಟಿ ಇತ್ತ ಇಳಿಯುವ ಒಂದು ಗಾಳಿಯ ಹೆಸರು. ಪರ್ವತದ ಆಚೆ ಬದಿಯಲ್ಲಿ ಮೇಲೇರುವಾಗ ಆ ಗಾಳಿ ತನ್ನ ತೇವವನ್ನೆಲ್ಲ ಮಳೆಯಾಗಿ ಸುರಿಸಿಬಿಡುತ್ತದೆ. ಈಚೆ ಬದಿಗೆ ಇಳಿಯುವಾಗ ಒಣಗಿ, ಬೆಚ್ಚಗಾಗಿ, ಕಣಿವೆಗಳಲ್ಲಿ ನುಗ್ಗಿ ಸುಳಿಸುತ್ತುತ್ತದೆ. ತೇವವಿಲ್ಲದ್ದರಿಂದಲೇ ನೋಟ ನಿಚ್ಚಳ. ಅದೇ ಗಾಳಿ ರೆಕ್ಕೆಯನ್ನು ಹಿಂಡಿಬಿಡುವುದು.

ನನಗೆ ಆಗ ನಮ್ಮ ಸೀಮೆಯೇ ನೆನಪಾಯಿತು. ಸಹ್ಯಾದ್ರಿಯ ಪಶ್ಚಿಮಕ್ಕೆ ಸುರಿದು ಬರಿದಾದ ಗಾಳಿಯೇ ಅಲ್ಲವೆ ಆಷಾಢದಲ್ಲಿ ಜಮಖಂಡಿ, ಮುಧೋಳ, ಬೀಳಗಿಗಳ ಎರೆಯ ಮೇಲೆ ದಿನವಿಡೀ ಬೀಸುವುದು? ಮೋಡ ಓಡುತ್ತವೆ, ಮಳೆ ಇಲ್ಲ. ನಾವು ಮಳೆಯ ನೆರಳಿನವರು. ನಮ್ಮ ಬರಗಾಲಕ್ಕೂ ಅವರ ಆ ಒಣಗಾಳಿಗೂ ಮೂಲದಲ್ಲಿ ಒಂದು ನಂಟಿದೆ ಎಂದು ಆ ಹುಲ್ಲಿನ ಮೇಲೆ ಕುಳಿತು ತಿಳಿದುಕೊಂಡೆ.

ಎರಡು ದಿನ ಕಳೆದ ಮೇಲೆ ಗಾಳಿ ತಣಿಯಿತು. ವಾಹನದಲ್ಲಿ ಬಿಯಾಟೆನ್‌ಬರ್ಗ್ ಎಂಬ ಹಳ್ಳಿಯ ಕಡೆಗೆ ಕರೆದೊಯ್ದರು. ಹಾರುವ ಜಾಗ ಇಂಟರ್‌ಲಾಕನ್ನಿಗಿಂತ ಸುಮಾರು 800 ಮೀಟರ್ ಎತ್ತರದ ಒಂದು ಇಳಿಜಾರು ಹುಲ್ಲುಬಯಲು. ಅಲ್ಲಿ ಕಂಡದ್ದು ನನಗೆ ಹೊಸದಾಗಿರಲಿಲ್ಲ. ನನ್ನ ತಾಯಿಯ ತವರು ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಒಂದು ಹಳ್ಳಿ. ಸುಗ್ಗಿಯಲ್ಲಿ ಅಜ್ಜ ಕಣದ ನಡುವೆ ಎತ್ತರದ ಮೇಲೆ ನಿಂತು, ಮೊರದ ತುಂಬ ಜೋಳ ಹಿಡಿದು, ಗಾಳಿಗಾಗಿ ಕಾಯುತ್ತಿದ್ದ. ಒಂದು ಹಿಡಿ ಹೊಟ್ಟು ತೂರಿ ದಿಕ್ಕು ನೋಡುತ್ತಿದ್ದ. ಗಾಳಿ ಅಡ್ಡ ಬಂದರೆ ಮೊರ ಇಳಿಸಿ ಕೂತುಬಿಡುತ್ತಿದ್ದ, ಅವಸರಪಡಿಸಿದವರಿಗೆ ಬೈಗುಳ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ನಾವೆಲ್ಲ ಅವಕಾಶವಾದಕ್ಕೆ ಅನ್ವಯಿಸಿ ಕೆಡಿಸಿದ್ದೇವೆ. ಕಣದಲ್ಲಿ ಅದರ ಅರ್ಥ ಬರುವವರೆಗೆ ಕಾಯಿ ಎಂದು. ನನ್ನ ಚಾಲಕನೂ ಹಾಗೆಯೇ ಕೋಲಿಗೆ ಕಟ್ಟಿದ ಬಟ್ಟೆಯ ಚೂರನ್ನು ನೋಡುತ್ತ ನಿಂತಿದ್ದ. ಎರಡು ಸಲ ಸಿದ್ಧವಾಗಿ, ಎರಡು ಸಲವೂ ಬೇಡವೆಂದು ಕೈಬಿಟ್ಟ.

ಆ ರೆಕ್ಕೆಯ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅದರೊಳಗೆ ಗಟ್ಟಿಯಾದ ಹಂದರವಿಲ್ಲ, ಬಹುಪಾಲು ಬಟ್ಟೆಯೇ. ಇಬ್ಬರನ್ನು ಹೊರುವ ರೆಕ್ಕೆಯ ವಿಸ್ತಾರ ಸುಮಾರು 40 ಚದರ ಮೀಟರ್. ಮಡಚಿದರೆ ಒಬ್ಬನ ಬೆನ್ನುಚೀಲ. ಮೇಲೊಂದು ಪದರ, ಕೆಳಗೊಂದು ಪದರ. ನಡುವೆ ಬಟ್ಟೆಯದೇ ಅಡ್ಡಗೋಡೆಗಳನ್ನು ಹೊಲಿದು ಉದ್ದಕ್ಕೂ ಗೂಡುಗಳನ್ನು ಮಾಡಿರುತ್ತಾರೆ. ಮುಂದಿನ ಅಂಚಿನಲ್ಲಿ ಗೂಡುಗಳ ಬಾಯಿ ತೆರೆದಿರುತ್ತದೆ. ಓಡಿದೊಡನೆ ಗಾಳಿ ಆ ಬಾಯಿಗಳಲ್ಲಿ ಹೊಕ್ಕು ಒಳಗೇ ಒತ್ತಡವಾಗಿ ನಿಂತು, ಜೋಲುತ್ತಿದ್ದ ಬಟ್ಟೆ ಹಕ್ಕಿಯ ರೆಕ್ಕೆಯ ಆಕಾರ ತಾಳುತ್ತದೆ. ಮುಂದಕ್ಕೆ ಚಲಿಸುತ್ತಿರುವವರೆಗೆ ಮಾತ್ರ ಅದು ರೆಕ್ಕೆ. ಚಲನೆ ನಿಂತರೆ ಮತ್ತೆ ಬಟ್ಟೆಯೇ. ಪ್ಯಾರಾಚೂಟು ಕೆಳಗೆ ಬೀಳುವುದನ್ನು ನಿಧಾನಗೊಳಿಸುವ ಕೊಡೆ. ಇದಾದರೋ ಒಂದು ಮೀಟರ್ ಇಳಿಯುವಷ್ಟರಲ್ಲಿ ಎಂಟೊಂಬತ್ತು ಮೀಟರ್ ಮುಂದೆ ಸಾಗುವ ವಾಹನ. ವೇಗ ಗಂಟೆಗೆ 35ರಿಂದ 40 ಕಿಲೋಮೀಟರ್. ಹಿಂದಿನ ಅಂಚಿಗೆ ಕಟ್ಟಿದ ಎರಡು ದಾರಗಳು ಚಾಲಕನ ಕೈಯಲ್ಲಿರುತ್ತವೆ. ಎಡಗೈ ಎಳೆದರೆ ಎಡಕ್ಕೆ, ಬಲಗೈ ಎಳೆದರೆ ಬಲಕ್ಕೆ, ಎರಡನ್ನೂ ಎಳೆದರೆ ನಿಧಾನ. ಎತ್ತಿನ ಹಗ್ಗವೂ ಇದೇ ಶಾಸ್ತ್ರ.

ಇದನ್ನು ಮೊದಲು ಯೋಚಿಸಿದವನು ಗಾಳಿಪಟಗಳ ಮನುಷ್ಯ ಎಂಬುದು ನನಗೆ ಬಹಳ ಹಿತವಾದ ಸಂಗತಿ. ಡೊಮಿನಾ ಜಾಲ್ಬರ್ಟ್ ಎಂಬ ಅಮೆರಿಕದವನು ಗಾಳಿಪಟ, ಬಲೂನುಗಳನ್ನು ಕಟ್ಟುತ್ತಿದ್ದವನು. 1960ರ ದಶಕದಲ್ಲಿ ಗೂಡುಗೂಡಾದ ಬಟ್ಟೆಯ ಈ ರೆಕ್ಕೆಗೆ ಹಕ್ಕುಪತ್ರ ಪಡೆದ. ವಿಮಾನದಿಂದ ಧುಮುಕುವವರು ಅದನ್ನು ಬಳಸತೊಡಗಿದರು. 1978ರಲ್ಲಿ ಫ್ರಾನ್ಸಿನ ಮಿಯೂಸಿ ಎಂಬ ಊರಿನಲ್ಲಿ ಬೆಟೆಂಪ್ಸ್, ಬೋನ್, ಬೊಸ್ಸೊನ್ ಎಂಬ ಮೂವರು ಗೆಳೆಯರಿಗೆ ಒಂದು ಉಳಿತಾಯದ ಯೋಚನೆ ಹೊಳೆಯಿತು: ವಿಮಾನಕ್ಕೆ ದುಡ್ಡು ಕೊಡುವ ಬದಲು ಗುಡ್ಡದ ಇಳಿಜಾರಿನಲ್ಲೇ ಓಡಿ ಹಾರಿದರಾಗದೆ? ಹಾರಿದರು. ಆ ಜಿಪುಣತನದಿಂದ ಒಂದು ಕ್ರೀಡೆಯೇ ಹುಟ್ಟಿತು. ಇಂದು ಟರ್ಕಿಯ ಬಾಬಾದಾಗ್, ನೇಪಾಳದ ಪೋಖರಾ, ನಮ್ಮದೇ ಹಿಮಾಚಲದ ಬೀರ್-ಬಿಲ್ಲಿಂಗ್ ಎಲ್ಲವೂ ಅದರ ಕ್ಷೇತ್ರಗಳು. ಬೀರ್-ಬಿಲ್ಲಿಂಗಿನಲ್ಲಿ 2015ರಲ್ಲಿ ವಿಶ್ವಕಪ್ ಪಂದ್ಯವೇ ನಡೆಯಿತು.

ಮತ್ತೆ ಗುಡ್ಡಕ್ಕೆ ಬರೋಣ. ಚಾಲಕ ನನ್ನ ಎದೆಯ ಪಟ್ಟಿ ಬಿಗಿದ. ಎರಡು ತೊಡೆಗಳ ಪಟ್ಟಿ ಬಿಗಿದ. ಮತ್ತೆ ಮೂರನ್ನೂ ಎಳೆದು ನೋಡಿದ. ನನ್ನ ಕೈಯಿಂದಲೂ ಎಳೆಸಿದ. "ನಿಮ್ಮ ಕೆಲಸ ಓಡುವುದು. ಕಾಲಿಗೆ ನೆಲ ತಗುಲುವವರೆಗೂ ಓಡಿ, ತಗುಲದಿದ್ದರೂ ಓಡಿ. ನಾನು ಹೇಳುವ ಮೊದಲು ಕೂಡ್ರಬೇಡಿ." ಮೊದಲ ಬಾರಿ ಹಾರುವವರು ಮಾಡುವ ದೊಡ್ಡ ತಪ್ಪು ಅದೇ ಅಂತೆ: ನೆಲ ಬಿಡುವ ಮೊದಲೇ ಹೆದರಿ ಕುಳಿತುಬಿಡುವುದು. ನಾನು ಓಡಿದೆ. ಹಿಂದೆ ಏನೋ ಭಾರವಾಗಿ ಜಗ್ಗಿತು. ತಲೆಯ ಮೇಲೆ ಬಟ್ಟೆ ಫಡಫಡಿಸಿ ಒಮ್ಮೆಲೇ ಸುಮ್ಮನಾಯಿತು. ಐದಾರು ಹೆಜ್ಜೆಯ ಮೇಲೆ ಕಾಲು ಗಾಳಿಯಲ್ಲಿಯೇ ಓಡುತ್ತಿತ್ತು. ಮೊಣಕಾಲಿನ ನೋವು ಆಗ ಎಲ್ಲಿ ಹೋಗಿತ್ತೋ ಕಾಣೆ.

ಭಯವಾಯಿತೆ ಎಂದು ಎಲ್ಲರೂ ಕೇಳುತ್ತಾರೆ. ಎತ್ತರದ ಭಯ ಮಾಳಿಗೆಯ ಅಂಚಿನಲ್ಲಿ ಬರುತ್ತದೆ. ಅಲ್ಲಿ ಗೋಡೆ ಕಾಲಿನಿಂದ ನೆಲದವರೆಗೆ ಇಳಿದು ಆಳವನ್ನು ತೋರಿಸುತ್ತದೆ. ಇಲ್ಲಿ ಅಂಥ ಗೋಡೆಯಿಲ್ಲ. ನೆಲ ಬೇರೆ, ನಾನು ಬೇರೆ. ಕಿವಿಯಲ್ಲಿ ಗಾಳಿಯ ಸದ್ದು ಮಾತ್ರ. ಕೆಳಗೆ ಎರಡು ಸರೋವರಗಳು ನೀಲಿಯ ಎರಡು ಹಾಳೆಗಳ ಹಾಗೆ. ನೀರನ್ನು ಹಾಗೆ ಮೇಲಿನಿಂದ ಕಂಡೊಡನೆ ನನಗೆ ಆಲಮಟ್ಟಿಯ ಹಿನ್ನೀರು ನೆನಪಾಯಿತು. ಅಜ್ಜನ ಆ ಕಣ, ಆ ಹಳ್ಳಿ ಇಂದು ಆ ನೀರಿನ ಅಡಿಯಲ್ಲಿವೆ. ಬೀಳಗಿ ತಾಲ್ಲೂಕಿನ ಎಷ್ಟೋ ಊರುಗಳು ಹಾಗೆ ಹೋದವು. ನನ್ನ ತಾಯಿ ಬದುಕಿರುವವರೆಗೆ ದಂಡೆಯಲ್ಲಿ ನಿಂತು, "ಅಲ್ಲಿತ್ತು, ಅಲ್ಲಿ" ಎಂದು ಬೆರಳು ಮಾಡುತ್ತಿದ್ದಳು. ದಂಡೆಯಿಂದ ನೋಡಿದರೆ ನೀರು ಎಲ್ಲಾ ಕಡೆಗೂ ಒಂದೇ. ಮೇಲಿನಿಂದಾದರೂ ಒಮ್ಮೆ ತೋರಿಸಬಹುದಾಗಿತ್ತು ಎನ್ನಿಸಿತು. ಕಣ್ಣಲ್ಲಿ ನೀರು ಬಂದಾಗ ಹಿಂದಿನಿಂದ ಚಾಲಕ "ಎಲ್ಲ ಸರಿಯೆ?" ಎಂದು ಕೇಳಿದ. ಗಾಳಿಯ ದೆಸೆಯಿಂದ ಎಂದೆ.

ಬಂಡೆಯ ಮೇಲೆ ಬಂದಾಗ ಯಾರೋ ಕೆಳಗಿನಿಂದ ನೂಕಿದಂತೆ ಮೇಲಕ್ಕೇರಿದೆವು. ಬಿಸಿಲಿಗೆ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಕಂಬದಂತೆ ಮೇಲೇಳುತ್ತದೆ. ಅದರೊಳಗೇ ಸುತ್ತುತ್ತ ಉಳಿದರೆ ರೆಕ್ಕೆಯೂ ಏರುತ್ತದೆ. ನಮ್ಮಲ್ಲಿ ಚೈತ್ರದ ನಡುಹಗಲು ಉತ್ತ ಎರೆಹೊಲದ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದನ್ನು ನೋಡಿದ್ದೀರಲ್ಲ, ಅವು ಸುತ್ತುವುದು ಇಂಥ ಕಂಬವನ್ನೇ. ಹೊಲದಲ್ಲಿ ಕಸಕಡ್ಡಿ ಎತ್ತಿಕೊಂಡು ಓಡುವ ಸುಂಟರಗಾಳಿ ಅದರ ಬುಡ. ಎತ್ತುವ ಗಾಳಿ ಇದ್ದಲ್ಲಿ ಅದರ ಪಕ್ಕದಲ್ಲೇ ಇಳಿಸುವ ಗಾಳಿಯೂ ಇರುತ್ತದೆ ಎಂಬುದನ್ನು ಆಗ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹದಿನೈದು ನಿಮಿಷಕ್ಕೆ ಹುಲ್ಲಿನ ಮೇಲೆ ಇಳಿದೆ. ಮನೆಯವರು ಮಾತನಾಡಿಸಲಿಲ್ಲ, ಚುರುಮುರಿಯ ಡಬ್ಬಿಯನ್ನು ಮುಂದೆ ಸರಿಸಿದರು. ಅಂಗಡಿಯೊಂದರಲ್ಲಿ ಹಳೆಯ ರೆಕ್ಕೆಗಳನ್ನು ಕತ್ತರಿಸಿ ಹೊಲಿದ ಚಿಕ್ಕ ಚೀಲಗಳನ್ನು ಮಾರುತ್ತಿದ್ದರು. ಕಿತ್ತಳೆ ಬಣ್ಣದ್ದೊಂದನ್ನು ಕೊಂಡೆ.

ಊರಿಗೆ ಬಂದ ಮೇಲೆ ನಾನು ಈ ಕಥೆಯನ್ನು ಎಷ್ಟು ಕಡೆ ಹೇಳಿದೆನೋ ಲೆಕ್ಕವಿಲ್ಲ. 2018ರಲ್ಲಿ ರಬಕವಿಯಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿದಾಗಲೂ ಹೇಳಿದೆ. ಸಂತೋಷವನ್ನೆಲ್ಲ ಹೇಳಿದೆ, ಆ ಒಣಗಾಳಿಯ ದಿನವನ್ನು ನಗೆಚಾಟಿಕೆಯಾಗಿ ಮಾತ್ರ ಹೇಳಿದೆ, ಸಹಿ ಹಾಕಿದ ಕಾಗದದ ಮಾತನ್ನು ಎತ್ತಲೇ ಇಲ್ಲ. ಸಭೆ ಮುಗಿದ ಮೇಲೆ ಹಿಂದಿನ ಬೆಂಚಿನ ಆ ಹುಡುಗ ಬಂದು ಕಾಲು ಮುಟ್ಟಿ, "ಅಂದ್ರ ಖರೇನ ಹಾರಾಕ ಬರ್ತೈತಿ ಅಂದಂಗಾತು, ಸರ್" ಎಂದ.

2022ರಲ್ಲಿ ಅವನ ಮದುವೆಯಾಯಿತು. ಹೆಂಡತಿಯೊಡನೆ ಉತ್ತರದ ಒಂದು ಗಿರಿಧಾಮಕ್ಕೆ ಹೋದ. ಅಲ್ಲಿ ಹಾರಿದ. ಸಂಸ್ಥೆಯ ಹೆಸರು, ಊರಿನ ಹೆಸರು ಇಲ್ಲಿ ಬೇಡ. ಸಮಯ ಮಧ್ಯಾಹ್ನ ಎರಡು ಗಂಟೆ, ನೆಲ ಚೆನ್ನಾಗಿ ಕಾದು ಗಾಳಿ ಒಡೆದು ಏಳುವ ಹೊತ್ತು. ಬೆಳಗಿನಿಂದ ಆ ಚಾಲಕನದು ಅದು ಎಂಟನೆಯ ಸುತ್ತು. ಇಳಿಯುವ ಬಯಲಿನ ಮೇಲೆ ಮೂವತ್ತಡಿ ಎತ್ತರದಲ್ಲಿ ರೆಕ್ಕೆಯ ಒಂದು ಪಕ್ಕ ಮಡಚಿಕೊಂಡಿತು. ಚಾಲಕನ ಕಾಲು ಮುರಿಯಿತು. ನಮ್ಮ ಹುಡುಗನ ಸೊಂಟದ ಮೇಲಿನ ಎಲುಬು ಕುಸಿಯಿತು. ಹೆಂಡತಿ ಕೆಳಗೆ ಚಿತ್ರ ತೆಗೆಯುತ್ತ ನಿಂತಿದ್ದಳು.

ರೆಕ್ಕೆ ಮಡಚಿಕೊಳ್ಳುವುದು ಆ ಕ್ರೀಡೆಯಲ್ಲಿ ಅಪರೂಪವಲ್ಲ. ಮೇಲಿನಿಂದ ಬೀಸಿದ ಒಂದು ಸುಳಿ ಮುಂದಿನ ಅಂಚನ್ನು ಒತ್ತಿದರೆ ಗೂಡುಗಳಲ್ಲಿನ ಒತ್ತಡ ಹೋಗಿ ಆ ಪಕ್ಕ ಬಟ್ಟೆಯಾಗಿಬಿಡುತ್ತದೆ. ಎತ್ತರದಲ್ಲಿದ್ದರೆ ಕೆಲವು ಕ್ಷಣಗಳಲ್ಲಿ ತಾನೇ ತುಂಬಿಕೊಳ್ಳುತ್ತದೆ, ಅಥವಾ ಚಾಲಕ ತುಂಬಿಸುತ್ತಾನೆ. ಅದೂ ಆಗದಿದ್ದರೆ ಒಂದು ತುರ್ತು ಪ್ಯಾರಾಚೂಟು ಇರುತ್ತದೆ. ಮೂವತ್ತಡಿಯಲ್ಲಿ ಇವಾವುದಕ್ಕೂ ಸಮಯವಿಲ್ಲ. ಎತ್ತರವೇ ಅಪಾಯವೆಂದು ನಾವು ತಿಳಿಯುತ್ತೇವೆ. ಹಾರುವವರಿಗೆ ಎತ್ತರವೇ ಕೈಯಲ್ಲಿನ ಗಂಟು, ನೆಲದ ಸಮೀಪವೇ ಅಪಾಯ.

ಇನ್ನು ಮೋಡದ ಅಪಾಯವೂ ಉಂಟು. 2007ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯದ ಮ್ಯಾನಿಲ್ಲಾ ಎಂಬಲ್ಲಿ ಎವಾ ವಿಸ್ನಿಯರ್‌ಸ್ಕಾ ಎಂಬ ಜರ್ಮನಿಯ ಕ್ರೀಡಾಪಟುವನ್ನು ಗುಡುಗಿನ ಮೋಡವೊಂದು ಒಳಗೆಳೆದುಕೊಂಡು 9946 ಮೀಟರ್ ಎತ್ತರಕ್ಕೆ ಒಯ್ದಿತು. ಗೌರೀಶಂಕರಕ್ಕಿಂತಲೂ, ಎವರೆಸ್ಟಿಗಿಂತಲೂ ಎತ್ತರ. ಪ್ರಜ್ಞೆ ತಪ್ಪಿ, ಮೈಮೇಲೆ ಮಂಜುಗಟ್ಟಿ, ಅವಳು ಬದುಕಿ ಇಳಿದಳು. ಅದೇ ಮೋಡಕ್ಕೆ ಸಿಕ್ಕಿದ ಚೀನಾದ ಹೆ ಝೊಂಗ್‌ಪಿನ್ ಬದುಕಲಿಲ್ಲ. ಇಂಥವರು ನುರಿತವರು. ನುರಿತವರ ನಿತ್ಯದ ಮರೆವಿನಿಂದ ಆಗುವ ಅಪಾಯ ಬೇರೊಂದು. ನಾನು ಹಾರಿಬಂದ ಮರುವರ್ಷ, 2018ರಲ್ಲಿ, ಅದೇ ಇಂಟರ್‌ಲಾಕನ್ನಿನ ಆಕಾಶದಲ್ಲಿ ಹ್ಯಾಂಗ್ ಗ್ಲೈಡರ್ ಎಂಬ ಇನ್ನೊಂದು ಬಗೆಯ ವಾಹನದಲ್ಲಿ ಪ್ರಯಾಣಿಕನನ್ನು ಸಿಕ್ಕಿಸುವುದನ್ನೇ ಚಾಲಕ ಮರೆತ. ಆ ಮನುಷ್ಯ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಬರಿಗೈಯಲ್ಲಿ ಜೋತುಬಿದ್ದು ಬದುಕಿಕೊಂಡ. ಆ ಚಿತ್ರವನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ; ನನ್ನ ತೊಡೆಪಟ್ಟಿಗಳನ್ನು ಎರಡು ಸಲ ಎಳೆದು ನೋಡಿದ ಆ ಕೈಗಳು ನೆನಪಾದವು.

ಹೋಗಬೇಡಿ ಎಂದು ನಾನು ಹೇಳುವವನಲ್ಲ. ಹೇಳಿದರೂ ಕೇಳುವ ವಯಸ್ಸಿನವರು ಅವರಲ್ಲ. ಹಾರುವ ಮೊದಲು ಚಾಲಕನನ್ನು ಕೇಳಲು ಸಂಕೋಚಪಡಬೇಡಿರಿ: ಇಬ್ಬರನ್ನು ಹಾರಿಸುವ ಪರವಾನಗಿ ನಿನಗಿದೆಯೆ, ಇಂದು ಎಷ್ಟನೆಯ ಸುತ್ತು, ತುರ್ತು ಪ್ಯಾರಾಚೂಟು ಎಲ್ಲಿದೆ. ಸ್ವಿಟ್ಜರ್‌ಲ್ಯಾಂಡಿನಲ್ಲಿ ಅಂಥ ಪರವಾನಗಿ ಇಲ್ಲದೆ ಯಾರೂ ಪ್ರಯಾಣಿಕನನ್ನು ಕೂರಿಸಿಕೊಳ್ಳುವಂತಿಲ್ಲ. ಹಿಮಾಚಲದಲ್ಲಿಯೂ ನಿಯಮಗಳಿವೆ; ಮಳೆಗಾಲದಲ್ಲಿ, ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ಹಾರಾಟವನ್ನೇ ನಿಲ್ಲಿಸುತ್ತಾರೆ. ಬೆಳಗಿನ ಹೊತ್ತು, ಸಂಜೆಯ ಹೊತ್ತು ಹೊಸಬರಿಗೆ ಸೌಮ್ಯ. ಚಾಲಕ ಇವತ್ತು ಬೇಡ ಎಂದರೆ ಅವನ ಕೈ ಕುಲುಕಿ ಹಿಂತಿರುಗಿ. ನಾಳೆ ಊರಿಗೆ ಹೊರಡಬೇಕು, ದುಡ್ಡು ಕಟ್ಟಿದ್ದೇವೆ ಎಂದು ಅವನನ್ನು ಒತ್ತಾಯಿಸಬೇಡಿ. ವಿಮೆಯ ಕಾಗದವನ್ನು ಓದಿರಿ. ಸಾಹಸಕ್ರೀಡೆಯಲ್ಲಿ ಆದ ಗಾಯಕ್ಕೆ ಹಣ ಕೊಡುವುದಿಲ್ಲವೆಂಬ ಸಾಲು ಪ್ರವಾಸದ ಅನೇಕ ವಿಮೆಗಳಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಬನಹಟ್ಟಿಯ ಆ ಮನೆಯವರು ಆ ಸಾಲನ್ನು ಆಸ್ಪತ್ರೆಯ ಜಗಲಿಯಲ್ಲಿ ಓದಿದರು. ಎರಡು ಮಗ್ಗ ಮಾರಿದರು.

ಅವನನ್ನು ನೋಡಲು ಹೋಗುವುದಕ್ಕೆ ನನಗೆ ಮೂರು ವಾರ ಧೈರ್ಯ ಸಾಲಲಿಲ್ಲ. ಹೋದಾಗ ಹುಡುಗ ಹಲಗೆಯ ಮೇಲೆ ಅಂಗಾತ ಮಲಗಿದ್ದ. ನನ್ನನ್ನು ಕಂಡು ನಕ್ಕ. "ಹನ್ನೆರಡು ಮಿನೀಟು ಭಾಳ ಛಲೋ ಇತ್ತು, ಸರ್" ಎಂದ. ನಾನು ಏನೂ ಹೇಳಲಾರದೆ ಕುಳಿತೆ. ಅವನ ತಂದೆ ನಲವತ್ತು ವರ್ಷ ಸೀರೆ ನೇಯ್ದ ಹಿರಿಯರು. ಅವರು ನನ್ನನ್ನು ಬೈಯಲಿಲ್ಲ. ಚಹಾ ಕೊಟ್ಟು, ಸ್ವಲ್ಪ ಹೊತ್ತಿನ ಮೇಲೆ, "ಸರ, ಅದರ ಬಟ್ಟಿ ಎಂಥಾದ್ರಿ?" ಎಂದು ಕೇಳಿದರು. ಕೈಚೀಲದಲ್ಲಿ ಕನ್ನಡಕವಿಟ್ಟುಕೊಳ್ಳುತ್ತಿದ್ದ ಆ ಕಿತ್ತಳೆ ಬಣ್ಣದ ಚೀಲವನ್ನು ತೆಗೆದು ಕೊಟ್ಟೆ.

ಅವರು ಅದನ್ನು ಬೆಳಕಿಗೆ ಹಿಡಿದರು. ಎರಡು ಬೆರಳಿನ ನಡುವೆ ಹೊಸೆದರು. ಬಾಯಿಗೆ ಹಚ್ಚಿ ಉಸಿರು ಊದಿದರು. ಗಾಳಿ ಆಚೆ ಹೋಗಲಿಲ್ಲ. ಮಾಡದಿಂದ ಭೂತಗನ್ನಡಿ ತಂದು ಬಹಳ ಹೊತ್ತು ನೋಡಿದರು. "ನಾಯ್ಲಾನ್. ಮ್ಯಾಲ ಏನೋ ಬಳದಾರ. ಹಾಸಿನ್ಯಾಗ ಅಷ್ಟಷ್ಟು ಎಳೀಗೊಮ್ಮೆ ಒಂದು ದಪ್ಪನ ಎಳಿ ಹಾಕ್ಯಾರ, ಹೊಕ್ಕಿನ್ಯಾಗೂ ಹಂಗ. ಸಣ್ಣ ಸಣ್ಣ ಚೌಕ ಆಗ್ಯಾವ ನೋಡ್ರಿ. ಹರಿದ್ರ ಆ ಚೌಕದಾಗ ನಿಂದರತೈತಿ, ಮುಂದ ಹೋಗೂದಿಲ್ಲ." ಚದರ ಮೀಟರಿಗೆ ನಲವತ್ತು ಗ್ರಾಂ ತೂಗುವ ಬಟ್ಟೆಯ ರಹಸ್ಯ ಅದೇ. ನಾನು ಓದಿ ತಿಳಿದದ್ದನ್ನು ಅವರು ಬೆರಳಿನಿಂದ ತಿಳಿದರು. ಬಿಸಿಲಿಗೆ ಈ ಬಟ್ಟೆ ವರ್ಷ ವರ್ಷಕ್ಕೂ ಸೊರಗುತ್ತದೆ, ಗಾಳಿ ಸೋರತೊಡಗಿದರೆ ರೆಕ್ಕೆಯನ್ನು ಬಿಡಬೇಕು ಎಂದು ನಾನು ಹೇಳಿದೆ. ತಲೆಯಾಡಿಸಿದರು.

"ಛಲೋ ನೇಯ್ದಾರ" ಎಂದರು. "ಬಟ್ಟೀದೇನೂ ತಪ್ಪಿಲ್ಲ ಬಿಡ್ರಿ, ಸರ."

ಚೀಲವನ್ನು ಹಿಂದಕ್ಕೆ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಹುಡುಗ ಈಗ ನಡೆಯುತ್ತಾನೆ. ಭಾರ ಎತ್ತುವಂತಿಲ್ಲ, ಮಗ್ಗದ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ಕಳೆದ ಸಲ ಬನಹಟ್ಟಿಗೆ ಹೋದಾಗ ಆ ಚೀಲ ಮಗ್ಗದ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಒಳಗೆ ಹಿರಿಯರ ಭೂತಗನ್ನಡಿ ಇತ್ತು.